ಎಡಗಡೆ ಏನಿತ್ತು

ನಾಸಿಕ್,
18 ಜೂನ್ 2006

ಪ್ರೀತಿಯ ಅಣ್ಣ,

ಜಿಪ್ಸಿ ನಿನ್ನೆ ಮಧ್ಯಾಹ್ನ ಬಂದು ಮುಟ್ಟಿತು. ನೀನು ಕಳಿಸಿದ ಡ್ರೈವರ್ ಕೀಲಿ ಕೊಟ್ಟು, ಚಹಾ ಕುಡಿದು, ನಾಸಿಕ್ ರೋಡಿನಿಂದ ರೈಲು ಹಿಡಿಯಲು ಹೋದ.

ಇಂಗ್ಲಿಷಿನಲ್ಲಿ ಬರೆದರೆ ನೀನು ಉತ್ತರ ಕೊಡುವುದಿಲ್ಲ, ಫೋನು ಮಾಡಿದರೆ ಎರಡು ಮಾತಾಡಿ ಸುಗುಣಾ ವೈನಿಯ ಕೈಗೆ ಕೊಟ್ಟುಬಿಡುತ್ತೀ. ಆದ್ದರಿಂದ ಕನ್ನಡದಲ್ಲಿ, ಕಾಗದದ ಮೇಲೆ. ಕಾನ್ವೆಂಟಿನಲ್ಲಿ ಓದಿದ ತಂಗಿಯ ಕಾಗುಣಿತವನ್ನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಬೇಡ.

ಗಾಡಿ ನೋಡಿ ನಮ್ಮ ಮನೆಯಲ್ಲಿ ಮೂರು ಥರದ ಅಭಿಪ್ರಾಯ. ಪ್ರಭಾಕರ ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ, "ಇದು ಗಾಡಿ ಅಲ್ಲ, ಪೆಟ್ರೋಲ್ ಕುಡಿಯೋ ಎಮ್ಮಿ. ನಿಮ್ಮಣ್ಣ ಎಮ್ಮಿ ಕೊಟ್ಟ, ಕೊಟಗಿ ಕೊಡಲಿಲ್ಲ" ಎಂದರು. ಅವರ ಸ್ಕೂಟರಿನ ಜಾಗ ಹೋಗಿದೆ, ಅದಕ್ಕೆ ಈ ಸಿಟ್ಟು. ಮಗಳು ರುಚಿತಾಳಿಗೆ ಮಾತ್ರ ಬಹಳ ಖುಷಿ. ಆದರೆ ಮುಂದಿನ ಬಂಪರಿನ ಎಡ ಮೂಲೆಗೆ ನೀನು ನಿಲ್ಲಿಸಿದ್ದ ಆ ಉದ್ದನೆಯ ಕಂಬಿ, ಅದರ ತುದಿಗೆ ಕಟ್ಟಿದ್ದ ಕೆಂಪು ಬಟ್ಟೆ ಅವಳಿಗೆ ಸೇರಲಿಲ್ಲ. "ಆಯೀ, ಇದೇನು ಲಗ್ನದ ಗಾಡಿಯೇನು?" ಎಂದು ಒಂದೇ ಸಮನೆ ನಕ್ಕಳು. ಬಿಚ್ಚಿ ಅಟ್ಟದ ಮೇಲೆ ಇಟ್ಟಿದ್ದೇನೆ. ಎಡಗಡೆಯ ಕನ್ನಡಿ ಹೊಸದು, ಬಲಗಡೆಯದು ಹಳೆಯದು. ಇರಲಿ.

ಮೂರನೆಯ ಅಭಿಪ್ರಾಯ ನನ್ನದು. ನನಗೆ ಗೊತ್ತಾಗುತ್ತಿಲ್ಲ. ಸಾತಪುರದ ಬ್ಯಾಂಕಿಗೆ ಹೋಗಿ ಬರುವವಳಿಗೆ, ಇನ್ನೆರಡು ವರ್ಷಕ್ಕೆ ಮತ್ತೆ ಎಲ್ಲಿಗೋ ವರ್ಗವಾಗುವವಳಿಗೆ, ಗುಡ್ಡ ಹತ್ತುವ ಗಾಡಿ ಏತಕ್ಕೆ? ನೀನು ಬಾವಿ ನೀರು ಅಳೆಯುತ್ತ ಮರಾಠವಾಡದ ಕಲ್ಲುಮುಳ್ಳೆಲ್ಲ ತಿರುಗಿದವನು. ಯಾರಿಗೂ ಮುಟ್ಟಗೊಡದ ಈ ಗಾಡಿಯನ್ನು ನನಗೇಕೆ ಕೊಟ್ಟೆ? ಸಂದೇಹದಿಂದ ಕೇಳುತ್ತಿಲ್ಲ. ತಿಳಿಯಬೇಕು, ಅಷ್ಟೇ.

ವೈನಿಗೆ ನಮಸ್ಕಾರ ಹೇಳು.

ವಸುಧಾ

*

ಔರಂಗಾಬಾದ್,
27 ಜೂನ್ 2006

ಚಿ. ವಸೂ,

ಆಶೀರ್ವಾದ. ಕಾಗುಣಿತ ತಿದ್ದಿಲ್ಲ. ಎರಡು ಕಡೆ ಕೈ ತುರಿಸಿತು, ತಡೆದುಕೊಂಡೆ.

ಯಾಕೆ ಕೊಟ್ಟೆ ಎಂದರೆ, ಆಫೀಸಿನಲ್ಲಿ ನನಗೀಗ ಡ್ರೈವರ್ ಸಮೇತ ಜೀಪು ಕೊಟ್ಟಿದ್ದಾರೆ. ಸುಮ್ಮನೆ ನಿಂತ ಗಾಡಿ ಕೆಡುತ್ತದೆ. ನಿನಗೆ ಕೈ ಚೊಕ್ಕ ಇದೆ, ಅವಸರ ಇಲ್ಲ. ಇಷ್ಟೇ ಕಾರಣ. ಕಂಬಿ ಇದ್ದಿದ್ದರೆ ಚೆನ್ನಾಗಿತ್ತು. ನಿನಗೆ ಬೇಡವಾದರೆ ಬೇಡ.

ಈಗ ಪಾಠ. ಇದನ್ನು ಗಾಡಿಯೊಳಗೇ ಇಟ್ಟುಕೊ. ದೊಡ್ಡ ಗೇರಿನ ಪಕ್ಕ ಒಂದು ಸಣ್ಣ ಲಿವರ್ ಇದೆಯಲ್ಲ, ಅದನ್ನು ಎಳೆದರೆ ನಾಲ್ಕೂ ಗಾಲಿಗೆ ಶಕ್ತಿ ಹೋಗುತ್ತದೆ ಎಂದು ಎಲ್ಲರೂ ತಿಳಿದಿರುತ್ತಾರೆ. ಹೋಗುವುದಿಲ್ಲ. ಮುಂದಿನ ಒಂದೊಂದು ಗಾಲಿಯ ನಟ್ಟನಡುವೆಯೂ ಅಂಗೈಯಗಲದ ಒಂದು ತಿರುಪು ಇದೆ, ಹಬ್ ಅನ್ನುತ್ತಾರೆ. ಅದು ಫ್ರೀ ಕಡೆಗಿದ್ದರೆ ಮುಂದಿನ ಗಾಲಿ ಬರೀ ಉರುಳುತ್ತದೆ, ಎಳೆಯುವುದಿಲ್ಲ. ಲಾಕ್ ಕಡೆಗೆ ತಿರುಗಿಸಿದರೆ ಮಾತ್ರ ಎಳೆಯುತ್ತದೆ. ಅಂದರೆ, ಡ್ರೈವರ್ ಕೆಳಗಿಳಿಯಲೇಬೇಕು. ಮಳೆಯಿರಲಿ ಕೆಸರಿರಲಿ, ಇಳಿದು, ಒಂದು ಗಾಲಿಯ ಹತ್ತಿರ ಕೂತು, ಎದ್ದು, ಇನ್ನೊಂದು ಗಾಲಿಯ ಹತ್ತಿರ ಕೂಡಬೇಕು.

ಹಬ್ಬಿನ ಮೇಲಿನ ಗುರುತು ಸವೆದುಹೋಗಿದೆ, ಅದನ್ನು ಹುಡುಕುತ್ತ ಕೂಡಬೇಡ. ಬೆರಳು ಇಟ್ಟು ತಿರುಗಿಸು. ಟಕ್ ಎಂದು ಒಂದು ಕಡೆ ಕೂರುತ್ತದೆ. ಬೆರಳಿಗೂ ಕಿವಿಗೂ ಗೊತ್ತಾಗುತ್ತದೆ, ಕಣ್ಣು ಬೇಕಿಲ್ಲ.

ಓಡಿಸಿ ನೋಡಿ ಬರೆ. ದಾರಿಯಲ್ಲಿ ಏನೇನು ಕಂಡಿತು ಅದನ್ನೂ ಬರೆ.

ಸುಧೀರ

*

ನಾಸಿಕ್,
23 ಜುಲೈ 2006

ಪ್ರೀತಿಯ ಅಣ್ಣ,

ನಿನ್ನ ಶಿಷ್ಯೆ ಮೊದಲ ಪರೀಕ್ಷೆಯಲ್ಲಿ ನಪಾಸಾಗಿ, ಅರ್ಧ ಗಂಟೆಯ ಮೇಲೆ ಪಾಸಾದಳು.

ಇವತ್ತು ರುಚಿತಾಳ ಹಟಕ್ಕೆ ಗಂಗಾಪುರ ಡ್ಯಾಮಿನ ಹಿನ್ನೀರಿನ ಕಡೆ ಹೋಗಿದ್ದೆವು. ಡಾಂಬರು ಮುಗಿದು ಕೆಮ್ಮಣ್ಣಿನ ಇಳಿಜಾರು. ಇಳಿಯುವಾಗ ಸುಖ. ವಾಪಸು ಹತ್ತುವಾಗ ಹಿಂದಿನ ಗಾಲಿಗಳು ಕೆಸರನ್ನು ಆಕಾಶಕ್ಕೆ ಎರಚಿ ಅಲ್ಲೇ ಕುಣಿಯತೊಡಗಿದವು. ಸಣ್ಣ ಲಿವರ್ ಎಳೆದೆ. ಕುಣಿತ ನಿಲ್ಲಲಿಲ್ಲ. ಇನ್ನಷ್ಟು ಆಕ್ಸಿಲರೇಟರ್ ಕೊಟ್ಟೆ. ಇನ್ನಷ್ಟು ಹೂತುಕೊಂಡಿತು.

ಪಕ್ಕದಲ್ಲೇ ಯಾರದೋ ಬಂಗಲೆ ಕಟ್ಟುತ್ತಿದ್ದಾರೆ. ಕೆಲಸದವರೆಲ್ಲ ಬಾಗಲಕೋಟೆ ಕಡೆಯವರು. ನಾನು ರುಚಿತಾಳಿಗೆ ಕನ್ನಡದಲ್ಲಿ ಬೈದದ್ದು ಕೇಳಿ ಹೊರಗೆ ಬಂದರು. ನಿಂಗಣ್ಣ ಅಂತ ಅವರ ಮುಕಾದಮ, ಕೆಲಸ ಮಾಡಿಸುವವನು. ಸೊಂಟದ ಮೇಲೆ ಕೈಯಿಟ್ಟು ನಿಂತು, "ಏನ್ರಿ ಅಕ್ಕಾರ, ಗಾಡಿ ಹೋಗವಲ್ದೋ, ನೀವ ಹೋಗಗೊಡವಲ್ರೋ?" ಎಂದ. ತಲೆಯ ಮೇಲೆ ಇಟ್ಟಂಗಿ ಹೊತ್ತಿದ್ದ ಹನುಮವ್ವ ಎಂಬವಳು ಬಗ್ಗಿ ನೋಡಿ, "ಹಿಂದಿನವು ಎರಡು ದುಡದು ಸಾಯಾಕತ್ತಾವು. ಮುಂದಿನವು ನೋಡ್ರಿ, ನಮ್ಮ ನಿಂಗಣ್ಣನಂಗ ಸುಮ್ನ ನಿಂತಾವು!" ಎಂದಳು. ಎಲ್ಲರೂ ನಕ್ಕರು. ನಿಂಗಣ್ಣನೂ ನಕ್ಕ. ನಾನೂ ನಗುತ್ತಿದ್ದವಳಿಗೆ ತಟ್ಟನೆ ನಿನ್ನ ಪತ್ರ ನೆನಪಾಯಿತು. ನಾನು ಕೆಳಗೆ ಇಳಿದೇ ಇರಲಿಲ್ಲ. ಬ್ಯಾಂಕಿನಲ್ಲೂ ಹಾಗೆಯೇ ಮಾಡುತ್ತೇನೇನೋ, ಕುರ್ಚಿಯಲ್ಲಿ ಕೂತು ಲಿವರ್ ಎಳೆದು ಎಲ್ಲವೂ ನಡೆಯುತ್ತಿದೆ ಎಂದುಕೊಳ್ಳುವುದು.

ಚಪ್ಪಲಿ ಕೆಸರಿನಲ್ಲಿ ಬಿಟ್ಟು, ಎರಡೂ ಹಬ್ ತಿರುಗಿಸಿ ಬಂದು ಕೂತೆ. ಗಾಡಿ ಏನೂ ಆಗಿಲ್ಲವೆಂಬಂತೆ, ನಿಧಾನ, ಮೇಲೆ ಬಂತು. ಹನುಮವ್ವ ಚಪ್ಪಲಿ ತೊಳೆದು ತಂದುಕೊಟ್ಟಳು.

ಒಂದು ಮಾತು. ಹಬ್ಬಿನ ಗುರುತು ಸವೆದಿಲ್ಲ ಅಣ್ಣ. ಕೆಂಪು ಬಣ್ಣದಲ್ಲಿ ಸ್ಪಷ್ಟವಾಗಿದೆ. ಬೇರೆ ಯಾವುದೋ ಗಾಡಿಯದನ್ನು ನೆನೆಸಿಕೊಂಡು ಬರೆದೆಯಾ?

ವಸುಧಾ

*

ಔರಂಗಾಬಾದ್,
2 ಆಗಸ್ಟ್ 2006

ಚಿ. ವಸೂ,

ನಿನ್ನ ಪತ್ರ ಸುಗುಣಾಳಿಗೂ ತೋರಿಸಿದೆ. "ಅಕೀಗೆ ಹೇಳ್ರಿ, ಕೆಸರಾಗ ಹೋಗೂ ಮುಂದ ಚಪ್ಪಲಿ ಬಿಟ್ಟು ಬೂಟ್ ಹಾಕ್ಕೋ ಅಂತ" ಎಂದು ಹೇಳಿ, ಆಮೇಲೆ ಒಳಗೆ ಹೋಗಿ ಒಬ್ಬಳೇ ನಕ್ಕಳು. ಹನುಮವ್ವನ ಮಾತಿಗೆ.

ಗುರುತಿನ ವಿಷಯ ಬಿಡು, ಇರಬಹುದು. ಆದರೂ ಬೆರಳಿನಿಂದಲೇ ಮಾಡು.

ಪಾಠ ಎರಡು. ಡಾಂಬರಿಗೆ ಬಂದ ಕೂಡಲೇ ನಾಲ್ಕು ಗಾಲಿಯ ಲಿವರ್ ತೆಗೆದುಬಿಡು. ಇಲ್ಲದಿದ್ದರೆ ತಿರುವಿನಲ್ಲಿ ಸ್ಟೇರಿಂಗು ಕಚ್ಚಿ ಹಿಡಿದಂತಾಗುತ್ತದೆ. ಲಿವರ್ ತೆಗೆದ ಮೇಲೆ ಗಾಡಿಯನ್ನು ಸ್ವಲ್ಪ ಹಿಂದಕ್ಕೆ ಬಿಟ್ಟು, ಆಮೇಲೆ ಇಳಿದು ಹಬ್ ಫ್ರೀ ಮಾಡು. ಹಿಂದಕ್ಕೆ ಬಿಡದೆ ಬಲವಂತ ಮಾಡಬೇಡ. ಬಿಗಿದುಕೊಂಡದ್ದು ತಾನಾಗಿ ಸಡಿಲವಾಗಬೇಕು.

ನೀನು ಕೆಸರನ್ನು ಬರೆದೆ, ಜನರನ್ನು ಬರೆದೆ, ದಾರಿಯನ್ನು ಬರೆಯಲಿಲ್ಲ. ಇಳಿಜಾರಿನಲ್ಲಿ ಎಡಗಡೆ ಏನಿತ್ತು? ನೀರು ಎಲ್ಲಿಯವರೆಗೆ ಬಂದಿತ್ತು? ಮಣ್ಣು ಕೆಂಪೋ, ಕೆಂಪಿನ ಕೆಳಗೆ ಕರಿಕಲ್ಲು ಕಾಣುತ್ತಿತ್ತೋ?

ಖುಲ್ತಾಬಾದಿನಿಂದ ಮ್ಹೈಸಮಾಳದ ಗುಡ್ಡಕ್ಕೆ ಒಳ್ಳೆಯ ರಸ್ತೆಯಿದೆ. ಅದನ್ನು ಬಿಟ್ಟು ಹಿಂದಿನಿಂದ ಏರುವ ಒಂದು ಕಲ್ಲುದಾರಿಯೂ ಇದೆ. ಮಳೆಗಾಲದಲ್ಲಿ ಅದನ್ನು ಹತ್ತಿದರೆ ಈ ಗಾಡಿ ಏನೆಂದು ಗೊತ್ತಾಗುತ್ತದೆ. ಪ್ರತಿ ವರ್ಷ ಹೋಗುತ್ತಿದ್ದೆ. ಈ ವರ್ಷ ಇನ್ನೂ ಆಗಿಲ್ಲ.

ಸುಧೀರ

*

ನಾಸಿಕ್,
20 ಆಗಸ್ಟ್ 2006

ಅಣ್ಣ,

ತಡವಾಗಿ ಬರೆಯುತ್ತಿದ್ದೇನೆ. ಬರೆಯಬೇಕಾದದ್ದು ನಿನಗೆ ಹಿಡಿಸುವುದಿಲ್ಲವೆಂದು ಗೊತ್ತು, ಅದೇ ಕಾರಣ.

ದಿಂಡೋರಿಯ ಒಬ್ಬರು ದ್ರಾಕ್ಷಿ ತೋಟದವರು ನಮ್ಮ ಬ್ಯಾಂಕಿಗೆ ಬರುತ್ತಾರೆ. ಗಾಡಿಯನ್ನು ನೋಡಿ, ತೋಟಕ್ಕೆ ಬೇಕು, ಕೊಡುತ್ತೀರಾ ಎಂದು ಕೇಳಿದ್ದಾರೆ. ದಸರೆ ಮುಗಿದ ಮೇಲೆ ಒಯ್ಯುತ್ತಾರಂತೆ. ಪ್ರಭಾಕರ ಒಪ್ಪಿದ್ದಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. ನಾನು ಅದನ್ನು ಓಡಿಸುವುದೇ ಇಲ್ಲ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಆರಿಸುತ್ತೇನೆ. ಕೆಲಸವಿರುವ ಕಡೆ ಹೋಗುವುದು ಗಾಡಿಗೂ ಒಳ್ಳೆಯದು.

ಎಡಗಡೆ ಏನಿತ್ತು ಎಂದು ಕೇಳಿದ್ದೀ. ಏನೂ ಇರಲಿಲ್ಲ. ಹುಲ್ಲಿತ್ತು.

ಬೇಸರ ಮಾಡಿಕೊಳ್ಳಬೇಡ. ಧಾರವಾಡದಲ್ಲಿ ಸೈಕಲ್ ಕಲಿಸುವಾಗ ನೀನು ಹಿಂದಿನಿಂದ ಸೀಟು ಹಿಡಿದು, ಮುಂದ ನೋಡು, ಬ್ರೇಕ್ ಹಿಡಿ, ಬಗ್ಗಬ್ಯಾಡ ಎಂದು ಕೂಗುತ್ತ ಓಡಿ ಬರುತ್ತಿದ್ದೆ. ನನಗೆ ಬ್ಯಾಲೆನ್ಸ್ ಬಂದ ಮೇಲೂ ಕೈ ಬಿಡುತ್ತಿರಲಿಲ್ಲ. ಆಗ ಅದು ಬೇಕಾಗಿತ್ತು. ಈಗ ನನಗೆ ನಲವತ್ತನಾಲ್ಕು. ಗಾಡಿ ನನಗೆ ಕೊಟ್ಟ ಮೇಲೂ ನಾನು ಯಾವ ಕಡೆ ಏನು ನೋಡಿದೆ ಎಂಬ ಲೆಕ್ಕ ನಿನಗೆ ಒಪ್ಪಿಸಬೇಕೇ?

ಬರೆದು ಮುಗಿಸಿ ಓದಿದೆ. ಖಾರವಾಯಿತೇನೋ. ಆದರೆ ಹರಿದುಹಾಕುವುದಿಲ್ಲ.

ವಸುಧಾ

*

ಔರಂಗಾಬಾದ್,
14 ಸೆಪ್ಟೆಂಬರ್ 2006

ಚಿ. ವಸುಧಾ,

ಮಾರು. ನಿನ್ನದು, ನಿನ್ನ ಇಷ್ಟ.

ನನ್ನ ಸಹಿ ಎಲ್ಲಿಯಾದರೂ ಬೇಕಾದರೆ ಕಾಗದ ಕಳಿಸು. ಸಹಿ ಮಾಡುವ ಕಡೆ ದೊಡ್ಡದಾಗಿ ಒಂದು ಗುರುತು ಹಾಕು, ದಪ್ಪ ಪೆನ್ನಿನಲ್ಲಿ.

ತೋಟದವರಿಗೆ ಹಬ್ ಹೇಗೆ ತಿರುಗಿಸುವುದು ತೋರಿಸಿಕೊಡು.

ನಾವು ಆರಾಮ.

ಸುಧೀರ

*

ನಾಸಿಕ್,
8 ಅಕ್ಟೋಬರ್ 2006

ಪ್ರೀತಿಯ ಅಣ್ಣ,

ದಸರೆಯ ದಿನ ನಿಮ್ಮಲ್ಲಿಗೆ ಹೇಳದೆ ಬಂದು, ಮರುದಿನ ಬೆಳಿಗ್ಗೆ ಅಷ್ಟೇ ಅವಸರದಲ್ಲಿ ಹೊರಟೆ. ಎದುರಿಗೆ ಕೂತು ಹೇಳಲಾಗದ್ದನ್ನು ಈಗ ಬರೆಯುತ್ತೇನೆ.

ನಿನ್ನ ಪತ್ರ ಬಂದಾಗ ನನಗೆ ಮೊದಲು ಹಗುರವೆನಿಸಿತು, ಆಮೇಲೆ ಕಸಿವಿಸಿಯಾಯಿತು. ಧಾರವಾಡದ ಬಸ್ಸಿನಲ್ಲಿ ಕಿಟಕಿಯ ಸೀಟಿಗಾಗಿ ನನ್ನೊಡನೆ ಜಗಳವಾಡುತ್ತಿದ್ದ ಅಣ್ಣ, ಇಷ್ಟು ದೊಡ್ಡದನ್ನು ಒಂದೇ ಮಾತಿನಲ್ಲಿ ಬಿಟ್ಟುಕೊಟ್ಟನಲ್ಲ ಎಂದು.

ಖಂಡೆ ಪೂಜೆಯ ದಿನ, ಮಾರುವ ಗಾಡಿಯಾದರೂ ಆಯುಧಪೂಜೆ ತಪ್ಪಿಸಬಾರದೆಂದು ನಾನೂ ರುಚಿತಾಳೂ ತೊಳೆಯತೊಡಗಿದೆವು. ಅವಳು ಒಂದು ಬಾಜೂ, ನಾನು ಒಂದು ಬಾಜೂ. ಅವಳು ಕೇಳಿದಳು: "ಆಯೀ, ಮಾಮಾ ಎಲ್ಲಾ ಸ್ಕ್ರ್ಯಾಚ್ ಇದs ಬಾಜೂಕ ಯಾಕ ಮಾಡ್ಯಾನ? ನಿನ್ನ ಬಾಜೂ ಏಕದಂ ಹೊಸಾದು ಅದ." ನಾನು ಆ ಕಡೆ ಹೋಗಿ ನೋಡಿದೆ. ಎಡ ಮಡ್‌ಗಾರ್ಡ್, ಎಡ ಬಾಗಿಲು, ಎಡ ಹಿಂಬದಿಯ ಮೂಲೆ. ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತೇಬಿಟ್ಟೆ. ಎಡಗಡೆಯ ಹೊಸ ಕನ್ನಡಿ. ಎಡ ಮೂಲೆಯ ಕಂಬಿ, ಕೆಂಪು ಬಟ್ಟೆ. ನನಗೆ ಕಾಣುವ, ನಿನಗೆ ಸವೆದುಹೋದ ಗುರುತು. ದಪ್ಪ ಪೆನ್ನು. ಎಡಗಡೆ ಏನಿತ್ತು ಎಂಬ ಪ್ರಶ್ನೆ. ನೀನು ನನ್ನನ್ನು ತಪಾಸಣೆ ಮಾಡುತ್ತಿದ್ದೀ ಎಂದುಕೊಂಡಿದ್ದೆ. ನೀನು ಬರೀ ಕೇಳುತ್ತಿದ್ದೆ.

ದ್ರಾಕ್ಷಿಯವರಿಗೆ ಅಂದೇ ಫೋನು ಮಾಡಿ ಇಲ್ಲವೆಂದೆ. ಪ್ರಭಾಕರ ನನ್ನ ಮುಖ ನೋಡಿದರು. "ಎಮ್ಮಿ ಇಲ್ಲೇ ಇರತದಲ್ಲ ಹಂಗಾರ? ಹೋಗಿ ಬಾ, ನಾ ಸ್ಕೂಟರ್ ಹೊರಗ ಹಚ್ಚತೀನಿ" ಎಂದರು.

ರುಚಿತಾಳ ಜೊತೆ ಹೊರಟು, ದಾರಿಯಲ್ಲಿ ವೈಜಾಪುರ ದಾಟುವವರೆಗೂ ನನ್ನ ಊಹೆ ಸುಳ್ಳಾಗಲಿ ಎಂದುಕೊಳ್ಳುತ್ತಿದ್ದೆ. ನಿಮ್ಮ ಬಾಗಿಲಲ್ಲಿ ಅದು ಖಾತ್ರಿಯಾಯಿತು. ನಾನು ಬನ್ನಿ ಎಲೆ ಹಿಡಿದು ನಿನ್ನ ಎಡಕ್ಕೆ ನಿಂತಿದ್ದೆ, ಒಂದು ಮೊಳ ದೂರದಲ್ಲಿ. ನೀನು ರುಚಿತಾಳಿಗೆ ಬನ್ನಿ ಕೊಟ್ಟು, "ಬಂಗಾರದಂಗ ಇರೋಣವಾ" ಎಂದು ತಲೆ ಸವರಿ, "ನಿಮ್ಮವ್ವ ಎಲ್ಲೆ? ಗಾಡಿ ಹತ್ತರನ ಅದಾಳೇನು?" ಎಂದು ಕೇಳಿದೆ. ವೈನಿ ನನ್ನ ಕಡೆ ನೋಡಿ ತಲೆ ತಗ್ಗಿಸಿದರು. ನಾನು ಒಂದು ಹೆಜ್ಜೆ ಮುಂದೆ ಬಂದು ನಿನ್ನ ಎದುರು ನಿಂತೆ. ಆಗ ನೀನು ನಕ್ಕೆ.

ಮಧ್ಯಾಹ್ನ ನಿನ್ನನ್ನು ಕೂರಿಸಿಕೊಂಡು ಹೊರಟಾಗ ಮಾತು ಎಲ್ಲಿಂದ ಶುರು ಮಾಡಬೇಕೆಂದು ತಿಳಿದಿರಲಿಲ್ಲ. ದೌಲತಾಬಾದಿನ ಆ ಸೀತಾಫಲ ಮಾರುವ ಹೆಂಗಸು ಶುರುಮಾಡಿದಳು. ಜಿಪ್ಸಿಯನ್ನು ಕಂಡದ್ದೇ ಬುಟ್ಟಿಯನ್ನು ಎರಡೂ ಕೈಯಿಂದ ಹಿಂದಕ್ಕೆಳೆದುಕೊಂಡಳು. ಆಮೇಲೆ ನನ್ನನ್ನು ನೋಡಿ, "ಆಜ್ ಮ್ಯಾಡಂ ಚಲಾ ರಹೀ ಹೈ? ಅಚ್ಛಾ ಹೈ, ಸಾಬ್" ಎಂದು, ಓಡಿಸುವವಳು ನಾನೆಂಬ ಸಮಾಧಾನಕ್ಕೆ, ಬುಟ್ಟಿಯನ್ನು ಮತ್ತೆ ಮುಂದಿಟ್ಟಳು.

"ಏನಂತಾಳ ಅಕಿ?" ಎಂದೆ.

"ಹ್ವಾದ ಚಳಿಗಾಲದಾಗ ಅಕೀ ಪ್ಯಾರಲ ಹಣ್ಣಿನ ಬುಟ್ಟಿ ಮ್ಯಾಲೆ ಗಾಡಿ ಹಾಯಿಸಿದೆ" ಎಂದೆ ನೀನು. "ಬುಟ್ಟಿ ಕಾಣಲಿಲ್ಲ ವಸೂ. ಬುಟ್ಟಿ ಹಿಂದ ಅಕಿ ಕೂತಿದ್ದಳು. ಅಕೀನೂ ಕಾಣಲಿಲ್ಲ."

"ಕಣ್ಣು ಯಾವಾಗಿಂದ?"

"ನಿನಗ ಯಾರು ಹೇಳಿದರು, ಸುಗುಣಾ?"

"ಗಾಡಿ ಹೇಳಿತು."

ನೀನು ಡ್ಯಾಶ್‌ಬೋರ್ಡನ್ನು ಎರಡು ಸಲ ತಟ್ಟಿದೆ. ಆಮೇಲೆ, "ಅದು ಮೊದಲಿಂದನೂ ಬಾಯಿ ಬಡಕ" ಎಂದೆ.

ಕಲ್ಲುದಾರಿ ಶುರುವಾಗುವ ಕಡೆ ನಾನು ಹಬ್ ತಿರುಗಿಸಲು ಇಳಿಯಲಿದ್ದೆ. ನೀನು ನನ್ನ ಮೊಣಕೈ ಹಿಡಿದು ನಿಲ್ಲಿಸಿ, ನೀನೇ ಇಳಿದೆ. ಬಾನೆಟ್ಟಿನ ಮೇಲೆ ಕೈಯಾಡಿಸುತ್ತ ಮುಂದೆ ಬಂದು, ಕೂತು, ಬೆರಳಿಟ್ಟು ತಿರುಗಿಸಿದೆ. ಎದ್ದು, ಸುತ್ತಿ ಬಂದು, ನನ್ನ ಕಡೆಯದನ್ನೂ ತಿರುಗಿಸಿದೆ. ಟಕ್ ಎಂಬ ಸದ್ದು ನನಗೂ ಕೇಳಿಸಿತು. "ಹೂಂ, ಹಾಕು" ಎಂದೆ ನೀನು. ನಾನು ಲಿವರ್ ಹಾಕಿದೆ.

ಹತ್ತುವಾಗ ನೀನು ಮತ್ತೆ ಮತ್ತೆ ಕೇಳಿದೆ, ಎಡಗಡೆ ಏನದ ಎಂದು. ನಾನು ಏನಿಲ್ಲ, ಕಲ್ಲು ಎಂದೆ. ಎದುರಿಗೆ ಏರು ಇತ್ತು. ಆ ಉತ್ತರ ಈಗ ಬರೆಯುತ್ತಿದ್ದೇನೆ.

ಎಡಗಡೆ ಮೊದಲು ಕರಿಕಲ್ಲಿನ ಗೋಡೆ ಇತ್ತು, ಮೆಟ್ಟಿಲು ಮೆಟ್ಟಿಲಾಗಿ. ಎರಡು ಮೆಟ್ಟಿಲಿನ ನಡುವೆ ಒಂದು ಕೆಂಪು ಮಣ್ಣಿನ ಪಟ್ಟಿ. ನೀರು ಆ ಕೆಂಪಿನಿಂದಲೇ ಜಿನುಗುತ್ತಿತ್ತು, ಕರಿಕಲ್ಲಿನಿಂದಲ್ಲ. ಆಮೇಲೆ ಗೋಡೆ ಮುಗಿದು ಬಯಲು, ಅದರ ತುಂಬ ಸಣ್ಣ ಹಳದಿ ಹೂ. ಒಂದು ಎಮ್ಮೆ ಹೂವಿನ ನಡುವೆ ಮಲಗಿತ್ತು, ಪ್ರಭಾಕರ ಇದ್ದಿದ್ದರೆ ನಮ್ಮ ಗಾಡಿಯ ಅಕ್ಕ ಎನ್ನುತ್ತಿದ್ದರು. ಬಯಲಿನ ಅಂಚಿಗೆ ಒಂದು ದುಂಡನೆಯ ಬಾವಿ. ನೀರು ಎಷ್ಟು ಮೇಲಿತ್ತೆಂದರೆ ಒಬ್ಬ ಹುಡುಗಿ ಹಗ್ಗವಿಲ್ಲದೆ, ಬಗ್ಗಿ, ಕೊಡವನ್ನು ಅದ್ದುತ್ತಿದ್ದಳು. ಬಹಳ ದೂರಕ್ಕೆ ದೌಲತಾಬಾದಿನ ಕೋಟೆಗುಡ್ಡ, ಬೋರಲಿಟ್ಟ ಬಟ್ಟಲಿನ ಹಾಗೆ. ದಾರಿಯ ಅಂಚು ನಮ್ಮ ಎಡ ಗಾಲಿಯಿಂದ ಒಂದು ಮೊಳ ಕೂಡ ಇರಲಿಲ್ಲ. ಅದನ್ನು ಆಗ ಹೇಳದ್ದು ಒಳ್ಳೆಯದೇ ಆಯಿತು.

ಇನ್ನೊಂದು. ಗಾಡಿಯನ್ನು ಓಡಿಸುವುದೇ ಇಲ್ಲ ಎಂದು ಬರೆದಿದ್ದೆ. ಅದು ನಿಜವಲ್ಲ. ಭಾನುವಾರ ಎಲ್ಲರೂ ಏಳುವ ಮೊದಲು ಅಂಜನೇರಿ ಗುಡ್ಡದ ಬುಡದವರೆಗೆ ಒಬ್ಬಳೇ ಹೋಗಿ ಬರುತ್ತಿದ್ದೆ. ಮಾರಬೇಕೆಂದು ಹೇಳುತ್ತಲೇ ಹೋಗುತ್ತಿದ್ದೆ. ಬರೆದರೆ ನೀನು ಗೆದ್ದೆ ಎಂದಾಗುತ್ತದೆಂದು ಬರೆಯಲಿಲ್ಲ. ಈ ವಯಸ್ಸಿನಲ್ಲೂ ಅಣ್ಣನ ಮುಂದೆ ಸೋಲಬಾರದೆಂಬ ಹಟ ಎಲ್ಲಿತ್ತೋ.

ಅಟ್ಟದಿಂದ ಇಳಿಸಿ ತಂದಿದ್ದ ಕಂಬಿಯನ್ನು ನಿಮ್ಮಲ್ಲೇ ಬಿಟ್ಟುಬಂದಿದ್ದೇನೆ.

ವಸುಧಾ

*

ಔರಂಗಾಬಾದ್,
17 ಅಕ್ಟೋಬರ್ 2006

ಚಿ. ವಸೂ,

ಆಶೀರ್ವಾದ. ಎಡಗಡೆಯದನ್ನು ಓದಿದೆ. ಸುಗುಣಾಳಿಂದಲೂ ಓದಿಸಿ ಕೇಳಿದೆ. ಕೆಂಪು ಪಟ್ಟಿಯಿಂದ ನೀರು ಜಿನುಗುವುದನ್ನು ನೋಡಿದೆಯಲ್ಲ, ನಮ್ಮ ಇಲಾಖೆಗೆ ಸೇರಿದ ಹೊಸ ಹುಡುಗರು ಅದನ್ನು ನೋಡುವುದಿಲ್ಲ. ಬಾವಿ ನನಗೆ ಗೊತ್ತು. ಅಷ್ಟು ಮೇಲೆ ನೀರು ಬಂದದ್ದನ್ನು ನಾನು ಕಂಡಿಲ್ಲ. ಈಗ ಕಂಡಂತಾಯಿತು.

ಆಫೀಸಿನ ಜೀಪು ಸುಳ್ಳು. ನಕ್ಷೆಗಳ ಕೋಣೆಯಲ್ಲಿ ಒಂದು ಕುರ್ಚಿ ಕೊಟ್ಟಿದ್ದಾರೆ, ಕಿಟಕಿಯ ಪಕ್ಕ. ಎಡಗಣ್ಣು ಹೋಗಿದೆ. ಬಲಗಣ್ಣಿನಲ್ಲಿ ಎದುರಿಗಿರುವುದು ಕಾಣುತ್ತದೆ, ಸಣ್ಣ ಗುರುತುಗಳು ಮಾಸುತ್ತವೆ, ಅಂಚುಗಳು ಸವೆಯುತ್ತಿವೆ. ಹೋದದ್ದು ಬರುವುದಿಲ್ಲ, ಇರುವುದನ್ನು ಔಷಧಿಯ ಹನಿ ಹಾಕಿ ಕಾಯಿರಿ ಎಂದಿದ್ದಾರೆ ಡಾಕ್ಟರು. ಕಾಯುತ್ತಿದ್ದೇನೆ. ಸುಗುಣಾ ಹೊತ್ತಿಗೆ ಸರಿಯಾಗಿ ಹನಿ ಹಾಕುತ್ತಾಳೆ, ಬೈಯುತ್ತಲೇ.

ಮೊದಲೇ ಯಾಕೆ ಹೇಳಲಿಲ್ಲ ಎಂದು ನೀನು ಕೇಳಿಲ್ಲ. ಆದರೂ ಹೇಳುತ್ತೇನೆ. ಹೇಳಿದ್ದರೆ ನೀನು ಗಾಡಿಯನ್ನು ಮಾರುತ್ತಿರಲಿಲ್ಲ. ಆದರೆ ಓಡಿಸುತ್ತಲೂ ಇರಲಿಲ್ಲ. ಹೊದಿಕೆ ಹೊದಿಸಿ, ಹಬ್ಬಕ್ಕೊಮ್ಮೆ ಅರಿಶಿನ ಕುಂಕುಮ ಹಚ್ಚಿ ಇಟ್ಟುಕೊಳ್ಳುತ್ತಿದ್ದೆ. ಅಂಜನೇರಿಗೆ ಹೋಗುತ್ತಿರಲಿಲ್ಲ. ಹೋಗುತ್ತಿದ್ದದ್ದು ಓದಿ ನನಗೆ ಬಹಳ ಸಂತೋಷವಾಯಿತು. ನಾನು ಗೆದ್ದೆ ಅಂತಲೇ ಇಟ್ಟುಕೊ.

ಸೈಕಲ್ಲಿನ ಮಾತು. ನಿನಗೆ ಬ್ಯಾಲೆನ್ಸ್ ಬಂದ ದಿನವೇ ನಾನು ಕೈ ಬಿಟ್ಟಿದ್ದೆ. ನಿನಗೆ ಗೊತ್ತಾಗದಿರಲಿ ಎಂದು ಕೂಗುತ್ತ ಬರೀ ಹಿಂದೆ ಓಡುತ್ತಿದ್ದೆ.

ಕಂಬಿಗೆ ಸುಗುಣಾ ಮಲ್ಲಿಗೆ ಬಳ್ಳಿ ಹಬ್ಬಿಸಿದ್ದಾಳೆ. ಕೆಂಪು ಬಟ್ಟೆ ಹಾಗೇ ಇದೆ, ಮನೆಗೆ ಬರುವವರಿಗೆ ಗುರುತು ಹೇಳಲು ಅನುಕೂಲ.

ದೀಪಾವಳಿ ಮುಗಿಸಿ ಪ್ರಭಾಕರರನ್ನೂ ಕರೆದುಕೊಂಡು ಬಾ. ಆ ಬಾವಿಯ ಹತ್ತಿರಕ್ಕೇ ಗಾಡಿ ಇಳಿಯುತ್ತದೆ, ಒಂದು ಹಳ್ಳ ದಾಟಬೇಕು. ದಾರಿ ನಾನು ಹೇಳುತ್ತೇನೆ, ಎಡಗಡೆ ಏನಿದೆ ನೀನು ಹೇಳು.

ಹಬ್ ಎರಡನ್ನೂ ಫ್ರೀ ಇಟ್ಟುಕೊಂಡು ಬಾ. ಹಳ್ಳದ ಹತ್ತಿರ ತಿರುಗಿಸಲು ನೀನು ಇಳಿಯಬೇಡ. ಅದು ನನ್ನ ಕೆಲಸ.

ಸುಧೀರ